ಇಬ್ಬರು ಹೋದರೆ ಖರ್ಚು ಎರಡರಷ್ಟೇ?

ಓದುಗರ ಪತ್ರ: ಸಿನಿಮಾ, ಕಾಮಿಕ್ಸ್ ಅಭಿಮಾನಿಗಳು ಸೇರುವ ಮೂರು ದಿನದ ಫ್ಯಾನ್ ಕನ್ವೆನ್ಷನ್‌ಗೆ ಹೋಗುವ ಆಸೆ ನನಗೆ. ಗಂಡನಿಗೂ ಬರಲು ಇಷ್ಟ, ಆದರೆ ನನ್ನಷ್ಟು ಹುಚ್ಚಿಲ್ಲ. ‘ಇಬ್ಬರೂ ಹೋದರೆ ಖರ್ಚು ಎರಡರಷ್ಟು, ನೀನೊಬ್ಬಳೇ ಹೋಗಿ ಬಾ’ ಎನ್ನುತ್ತಾರೆ. ಈ ಲೆಕ್ಕ ಸರಿಯೇ?

ಸಂಪಾದಕರ ಉತ್ತರ: ಸರಿಯಲ್ಲ. ಆದರೆ ಎಷ್ಟು ತಪ್ಪು ಎಂಬುದನ್ನು ತೀರ್ಮಾನಿಸುವುದು ಹೋಟೆಲ್ ಕೋಣೆ. ಒಬ್ಬರ ಖರ್ಚು 100 ಎಂದಿಟ್ಟುಕೊಳ್ಳಿ: ಕೋಣೆಗೆ 40, ಪ್ರಯಾಣಕ್ಕೆ 25, ಪಾಸ್‌ಗೆ 20, ಊಟಕ್ಕೆ 15. ಇನ್ನೊಬ್ಬರು ಜೊತೆಯಾದರೆ ಕೋಣೆ ಅದೇ. ಹೆಚ್ಚುವುದು 60, ಒಟ್ಟು 160. ಆದರೆ ಒಬ್ಬರೇ ಹೋಗುವಾಗ ನೀವು ಮೂವರು ಗೆಳತಿಯರ ಜೊತೆ ಕೋಣೆ ಹಂಚಿಕೊಳ್ಳುವವರಾಗಿದ್ದರೆ ನಿಮ್ಮ ಪಾಲು 10, ಒಟ್ಟು ಖರ್ಚು 70 ಮಾತ್ರ. ಆಗ ಜೋಡಿಯಾಗಿ ಪ್ರತ್ಯೇಕ ಕೋಣೆ ಹಿಡಿದರೆ 160 ಎನ್ನುವುದು ಎರಡರಷ್ಟಕ್ಕಿಂತ ಹೆಚ್ಚಾಯಿತು! ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೊಂದನ್ನು ಮೊದಲು ನೋಡಿ.

ಫೋಟೋ, ಆಟೋಗ್ರಾಫ್‌ಗಳಲ್ಲಿ ಜೋಡಿಗೆ ಲಾಭವಿದೆ. ಕಲಾವಿದರ ಜೊತೆಗಿನ ಫೋಟೋಗೆ ಸಾಮಾನ್ಯವಾಗಿ ಶುಲ್ಕ ತಲೆಗಲ್ಲ, ಚಿತ್ರಕ್ಕೆ. ಒಂದೇ ಟಿಕೆಟ್‌ನಲ್ಲಿ ಇಬ್ಬರೂ ನಿಲ್ಲಬಹುದು. ಎಷ್ಟು ಜನರಿಗೆ ಅವಕಾಶ, ಡಿಜಿಟಲ್ ಪ್ರತಿಗೆ ಬೇರೆ ಹಣವೇ ಎಂದು ಕೊಳ್ಳುವ ಮುನ್ನ ಓದಿ. ಆಟೋಗ್ರಾಫ್‌ಗೆ ಸಾಮಾನ್ಯವಾಗಿ ಸಹಿ ಹಾಕಿಸುವ ವಸ್ತುವಿನ ಲೆಕ್ಕ. ಫೋಟೋ ಸಮಯಕ್ಕೂ ನಿಮಗೆ ಬೇಕೇಬೇಕಾದ ವೇದಿಕೆ ಸಂವಾದ, ಅಂದರೆ ಪ್ಯಾನೆಲ್‌ಗೂ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಸಾಲು ತಡವಾಗುವುದು ಮಾಮೂಲು. ಫೋಟೋದ ಸರದಿ ತಪ್ಪಿದರೆ ಕಟ್ಟಿದ ಹಣವೂ ಹೋದಂತೆ.

ನಿಮ್ಮವರಿಗೆ ಮೂರು ದಿನದ ಪಾಸ್ ಬೇಡವೇ ಬೇಡ. ಅವರಿಗೂ ಆಸಕ್ತಿಯಿರುವ ಕಾರ್ಯಕ್ರಮ ಯಾವ ದಿನವೋ ಆ ಒಂದು ದಿನದ್ದು ಸಾಕು. ಉಳಿದೆರಡು ದಿನ ಅವರು ಊರು ನೋಡಲಿ, ನೀವು ನೆಮ್ಮದಿಯಾಗಿ ಸಾಲಿನಲ್ಲಿ ನಿಲ್ಲಿ. ಮನಸ್ಸಿಲ್ಲದವರನ್ನು ಎರಡು ಗಂಟೆ ಸಾಲಿನಲ್ಲಿ ನಿಲ್ಲಿಸಿದರೆ ಇಬ್ಬರ ದಿನವೂ ಕೆಡುತ್ತದೆ. ಪಾಸ್ ಒಬ್ಬರದು ಇನ್ನೊಬ್ಬರಿಗೆ ಆಗುತ್ತದೆ ಎಂದು ಮಾತ್ರ ಭಾವಿಸಬೇಡಿ. ಅಮೆರಿಕದ ಸ್ಯಾನ್ ಡಿಯಾಗೋದ ಪ್ರಸಿದ್ಧ ಕಾಮಿಕ್ಸ್ ಸಮಾವೇಶ ಕಾಮಿಕ್-ಕಾನ್‌ನಲ್ಲಿ ಪಾಸ್ ಕೊಳ್ಳುವ ಪ್ರತಿಯೊಬ್ಬರೂ ಮೊದಲೇ ಸ್ವಂತ ಹೆಸರಿನಲ್ಲಿ ಸದಸ್ಯ ಖಾತೆ ಮಾಡಿಸಿರಬೇಕು, ಪಾಸನ್ನು ವರ್ಗಾಯಿಸುವಂತಿಲ್ಲ, ಬಾಗಿಲಲ್ಲಿ ಮಾರಾಟವೂ ಇಲ್ಲ. 1939ರಲ್ಲಿ ಶುರುವಾದ, ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮಾವೇಶ ವರ್ಲ್ಡ್‌ಕಾನ್‌ನಲ್ಲಿ ದಿನ ಹತ್ತಿರವಾದಂತೆ ಸದಸ್ಯತ್ವದ, ಅಂದರೆ ಪ್ರವೇಶದ, ದರ ಹಂತಹಂತವಾಗಿ ಏರುತ್ತದೆ.

ಒಬ್ಬ ಅತಿಥಿಯ ಹೆಸರನ್ನೇ ನಂಬಿ ಎಲ್ಲವನ್ನೂ ಕಾಯ್ದಿರಿಸಬೇಡಿ, ಇದನ್ನು ಒತ್ತಿ ಹೇಳುತ್ತೇವೆ. ಚಿತ್ರೀಕರಣದ ದಿನಾಂಕ ಬದಲಾಗಿ ಕಲಾವಿದರು ಕೊನೆಗಳಿಗೆಯಲ್ಲಿ ಬರದಿರುವುದುಂಟು. ಆಗ ಫೋಟೋ, ಆಟೋಗ್ರಾಫ್ ಹಣ ಸಾಮಾನ್ಯವಾಗಿ ವಾಪಸಾಗುತ್ತದೆ. ಪಾಸ್‌ನ ಹಣ ಬರುವುದು ಅಪರೂಪ, ಪ್ರಯಾಣದ್ದನ್ನಂತೂ ಆಯೋಜಕರು ಕೊಡುವುದಿಲ್ಲ.

ಹಾಗಾಗಿ ಮೊದಲು ಉಚಿತವಾಗಿ ರದ್ದು ಮಾಡಬಹುದಾದ ಕೋಣೆ ಹಿಡಿಯಿರಿ, ಸ್ಥಳಕ್ಕೆ ನಡೆದುಹೋಗುವಷ್ಟು ಹತ್ತಿರದ್ದಾದರೆ ದಿನಕ್ಕೆರಡು ಬಾರಿಯ ಟ್ಯಾಕ್ಸಿ ಉಳಿಯುತ್ತದೆ. ಆಮೇಲೆ ಪಾಸ್, ಅದು ಕೈಗೆ ಬಂದ ಮೇಲಷ್ಟೇ ಪ್ರಯಾಣದ ಟಿಕೆಟ್. ಮಾರಾಟ ಮಳಿಗೆಗಳಿಗೆ ಇಬ್ಬರಿಗೂ ಬೇರೆಬೇರೆ ಮಿತಿ ಹಾಕಿಕೊಳ್ಳಿ, ಏಕೆಂದರೆ ಕೈ ಸುಡುವುದು ಅಲ್ಲೇ. ಕೋಣೆ ರದ್ದತಿಯ ಕೊನೆಯ ದಿನಕ್ಕೆ ಒಂದು ವಾರ ಮೊದಲು ಇಬ್ಬರೂ ಕೂತು ಲೆಕ್ಕವನ್ನು ಮತ್ತೊಮ್ಮೆ ನೋಡಿ. ಆಗಲೂ ಮೊತ್ತ ಭಾರವೆನಿಸಿದರೆ ಒಂದು ರಾತ್ರಿ ಕಡಿಮೆ ಮಾಡಿ, ಜೊತೆಯನ್ನಲ್ಲ.