ಬಾಗಿಲ ಬಳಿ ಬಂದ ಮಾತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಿದ್ದೆ ಬರುತ್ತಿಲ್ಲವೆಂದು ಬಂದವರು, ನಲವತ್ತರ ಆಸುಪಾಸಿನ ಮಹಿಳೆ. ಮುಕ್ಕಾಲು ಗಂಟೆ ನಿದ್ದೆಯ ಮಾತೇ ಆಯಿತು. ಎದ್ದು ಬಾಗಿಲವರೆಗೆ ಹೋದವರು ತಿರುಗಿ, "ಹಳೇ ಆಫೀಸಿನವರೊಬ್ಬರು ಹೋದ ತಿಂಗಳು ತೀರಿಕೊಂಡ್ರು, ಹಾರ್ಟ್ ಅಟ್ಯಾಕ್. ಅದಕ್ಕೂ ಇದಕ್ಕೂ ಏನೂ ಸಂಬಂಧ ಇರಲ್ಲ ಅಲ್ವಾ ಮೇಡಂ?" ಎಂದರು. ಅಸಲು ಮಾತು ಹೊರಡುವಾಗಲೇ ಬರುವುದು ಆಪ್ತಸಮಾಲೋಚಕರಾದ ನಮಗೆ ಹೊಸದಲ್ಲ. ಮತ್ತೆ ಕೂರಿಸಿದೆ.

6 ವರ್ಷ ಅಕ್ಕಪಕ್ಕದ ಮೇಜು. ಕೆಲಸ ಬಿಟ್ಟು 4 ವರ್ಷವಾಗಿತ್ತು. ಸುದ್ದಿ ತಿಳಿದದ್ದು ವಾಟ್ಸ್ಆ್ಯಪ್ ಗುಂಪಿನಲ್ಲಿ, ಅಂತ್ಯಕ್ರಿಯೆ ಮುಗಿದ ಮೇಲೆ. ಬೆಳಿಗ್ಗೆ ಕೈಮುಗಿದ ಚಿತ್ರಗಳ ಸಾಲು, ಸಂಜೆ ಅದರ ಕೆಳಗೇ ಯಾರದೋ ಹುಟ್ಟುಹಬ್ಬದ ಕೇಕು. ಮನೆಯಲ್ಲಿ "ಯಾರವರು?" ಎಂದರಂತೆ. "ಹಿಂದೆ ಜೊತೆಗಿದ್ದವರು" ಎಂದ ಮೇಲೆ ಮಾತು ಬೆಳೆಯಲಿಲ್ಲ. "ಅಳಬೇಕಾದವರು ಅವರ ಹೆಂಡತಿ, ಮಕ್ಕಳು. ನಾನ್ಯಾರು?"

ಸುತ್ತಲಿನವರು ಮಾನ್ಯ ಮಾಡದ ಇಂಥ ದುಃಖಕ್ಕೆ ಶೋಕದ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲೇ 'ಡಿಸ್ಎನ್ಫ್ರಾಂಚೈಸ್ಡ್ ಗ್ರೀಫ್' (ಹಕ್ಕು ಸಿಗದ ಶೋಕ) ಎಂದು ಹೆಸರು ಕೊಟ್ಟಿದ್ದಾರೆ. ಹಾಗೆಂದಾಗ ಅವರ ಹೆಗಲು ಸ್ವಲ್ಪ ಇಳಿಯಿತು. ನಿರಾಕರಣೆಯಿಂದ ಒಪ್ಪಿಕೊಳ್ಳುವವರೆಗೆ ಶೋಕಕ್ಕೆ ಐದು ಹಂತ ಎನ್ನುತ್ತಾರಲ್ಲ, ಅದರಲ್ಲಿ ತಾನು ಎಷ್ಟನೆಯದರಲ್ಲಿದ್ದೇನೆ ಎಂದೂ ಕೇಳಿದರು. ಆ ಹಂತಗಳನ್ನು 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು. ಉಳಿದವರು ಹತ್ತಲೇಬೇಕಾದ ಮೆಟ್ಟಿಲಲ್ಲ ಎಂದೆ.

ಚುಚ್ಚುತ್ತಿದ್ದದ್ದು ಬೇರೆ. ಮೂರು ತಿಂಗಳ ಹಿಂದೆ ಆತ "ಹೇಗಿದ್ದೀರಿ?" ಎಂದು ಕಳಿಸಿದ್ದ ಸಂದೇಶಕ್ಕೆ ಇವರು ಉತ್ತರಿಸಿರಲಿಲ್ಲ. "ನಿಮ್ಮದೇನೂ ತಪ್ಪಿಲ್ಲ" ಎಂಬ ಸಮಾಧಾನ ಯಾರಿಗೂ ತಾಗುವುದಿಲ್ಲ, ನಾನು ಹೇಳಲೂ ಇಲ್ಲ. ಉತ್ತರಿಸದ ಸಂದೇಶ ಈಗ ಫೋನಿನಲ್ಲಿ ಎಷ್ಟಿವೆ ಎಂದು ಕೇಳಿದೆ. ಎಣಿಸಿದರು: 11. ಕಳಿಸಿದವರು ಬದುಕಿದ್ದರೆ ಅದು ಬರೀ ತಡ. ಸತ್ತರೆ ಅದೇ ತಡ ಅಪರಾಧದಂತೆ ಕಾಣುತ್ತದೆ.

ನಿದ್ದೆಯ ಗುಟ್ಟೂ ಆಗಲೇ ಹೊರಬಿತ್ತು. ಆತ ಇವರದೇ ವಯಸ್ಸಿನವರು. ರಾತ್ರಿ ಎದ್ದೆದ್ದು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ಒಮ್ಮೆ ವೈದ್ಯರಲ್ಲಿ ತಪಾಸಣೆ ಮಾಡಿಸಿ, ಆಮೇಲೆ ನಾಡಿ ಮುಟ್ಟಬೇಡಿ ಎಂದೆ. ತಿಂಗಳಿಗೇ ಇದನ್ನು ಕಾಯಿಲೆ ಎನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಪ್ರಕಾರವೂ ದೀರ್ಘಕಾಲದ ಶೋಕವೆನ್ನಲು ಕನಿಷ್ಠ 6 ತಿಂಗಳು ಕಳೆದಿರಬೇಕು.

ಮುಖ್ಯ ಸಲಹೆ ಒಂದೇ: ಆತನ ಮನೆಯವರಿಗೆ ಕಾಗದ ಬರೆಯಿರಿ. "ಏನಾದರೂ ಬೇಕಿದ್ದರೆ ತಿಳಿಸಿ" ಬೇಡ, ಸಾವು ಹೇಗಾಯಿತೆಂಬ ಪ್ರಶ್ನೆ ಬೇಡ, ಉತ್ತರದ ನಿರೀಕ್ಷೆಯೂ ಬೇಡ. ನಿಮಗಷ್ಟೇ ಗೊತ್ತಿರುವ ಒಂದು ಸಂಗತಿ ಸಾಕು. ಆಫೀಸಿನಲ್ಲಿ ಆತ ಹೇಗಿದ್ದರೆಂದು ಹೆಂಡತಿ ಮಕ್ಕಳು ಕಂಡಿಲ್ಲ, ನೀವು ಕಂಡಿದ್ದೀರಿ. ಸ್ವಲ್ಪ ಯೋಚಿಸಿ ಅಂದರು: "ನನ್ನ ವರದಿಗಳನ್ನ ಪೆನ್ಸಿಲಲ್ಲೇ ತಿದ್ದೋರು. ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಅಳಿಸ್ಬಿಡಿ ಅನ್ನೋರು." ಹೇಳಿ ಮುಗಿಸುವಷ್ಟರಲ್ಲಿ ಅತ್ತರು. ನಾನು ಗಡಿಯಾರ ನೋಡಲಿಲ್ಲ.

ಮೂರನೇ ಭೇಟಿಗೆ ಬಂದಾಗ ಕಾಗದ ಹೋಗಿತ್ತು, ಉತ್ತರ ಬಂದಿರಲಿಲ್ಲ. ನಿದ್ದೆ 5 ಗಂಟೆಗೆ ಏರಿತ್ತು. 11ರಲ್ಲಿ 7 ಸಂದೇಶಕ್ಕೆ ಉತ್ತರಿಸಿದ್ದರು. ಉಳಿದ ನಾಲ್ವರು ಕಾಯಲಿ ಬಿಡಿ ಮೇಡಂ, ಎಂದು ನಕ್ಕರು.