ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ವರ್ಷಪೂರ್ತಿ ಸಾಲುವಂತೆ ಎಲ್ಲಿ, ಹೇಗೆ ಇಡಬೇಕು?

ಶಿರಸಿ ಕಡೆ ತೋಟದ ಮನೆಗಳಲ್ಲಿ ದುಡ್ಡು ಬರೋದು ಒಂದು ಸಲ, ಖರ್ಚು ಮಾತ್ರ ತಿಂಗಳು ತಿಂಗಳೂ ಇರುತ್ತದೆ ಅಲ್ವಾ? ಹಾಗಾಗಿ ಅಡಿಕೆ ಮಾರಿದ ಕೂಡಲೇ ಮೊದಲು ಬೆಳೆಸಾಲ ತೀರಿಸಿ. ಸೊಸೈಟಿಯ, ಅಂದರೆ ಊರಿನ ಪ್ರಾಥಮಿಕ ಸಹಕಾರಿ ಸಂಘದ, ಬಡ್ಡಿಯಿಲ್ಲದ ಸಾಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ.

ಉಳಿದದ್ದನ್ನು ಒಂದೇ ಎಫ್‌ಡಿ ಮಾಡಬೇಡಿ. ಜೂನ್‌ಗೆ ಮಕ್ಕಳ ಫೀಸು ಮತ್ತು ಅಡಿಕೆ ಕೊಳೆರೋಗಕ್ಕೆ ಮೊದಲ ಸಲದ ಔಷಧಿ, ಆಮೇಲೆ ಎರಡನೇ ಸಲದ್ದು, ಚೌತಿ, ದೀಪಾವಳಿ, ಅದರ ಹಿಂದೆಯೇ ಅಡಿಕೆ ಗೊನೆ ಕೊಯ್ಲಿನ ಕೂಲಿ, ಹೀಗೆ ಖರ್ಚು ಬರುವ ತಿಂಗಳು ನೋಡಿ ನಾಲ್ಕೈದು ಸಣ್ಣ ಎಫ್‌ಡಿ ಮಾಡಿ. ಒಂದನ್ನು ಅವಧಿಗೆ ಮೊದಲೇ ಮುರಿದರೂ ಉಳಿದವುಗಳ ಬಡ್ಡಿಗೆ ಪೆಟ್ಟಿಲ್ಲ.

ಈಗ ಮುಖ್ಯ ವಿಷಯ. ಬಡ್ಡಿ ಸ್ವಲ್ಪ ಜಾಸ್ತಿ ಅಂತ ಎಲ್ಲವನ್ನೂ ಒಂದೇ ಸೊಸೈಟಿಯಲ್ಲಿ ಇಡಬೇಡಿ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ, ಆ ಬ್ಯಾಂಕಿನ ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಸಿಗುತ್ತದೆ. 2020ಕ್ಕೆ ಮೊದಲು ಇದು 1 ಲಕ್ಷ ಇತ್ತು. ಅರ್ಬನ್ ಬ್ಯಾಂಕ್, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿಗೂ ಇದೆ. ಪ್ರಾಥಮಿಕ ಸಹಕಾರಿ ಸಂಘಗಳಿಗೆ ಇಲ್ಲ. ಸಂಘ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಆಸ್ಪತ್ರೆ ಖರ್ಚಿಗೆ, ಮಕ್ಕಳ ಓದಿಗೆ ಅಂತ ತೆಗೆದಿಟ್ಟ ದುಡ್ಡು ದಯವಿಟ್ಟು ಬ್ಯಾಂಕಿನಲ್ಲೇ ಇರಲಿ. ಸೊಸೈಟಿಯಲ್ಲಿ ಸ್ವಲ್ಪ ಇಡುವುದಾದರೆ, ವಾರ್ಷಿಕ ವರದಿ ಮನೆಗೆ ಬಂದಾಗ ಸುಮ್ನೆ ಎತ್ತಿಡಬೇಡಿ. ಕಟಬಾಕಿ ಸಾಲ ಎಷ್ಟಿದೆ ಅಂತ ಹುಡುಕಿ ಓದಿ, ವರ್ಷ ವರ್ಷ ಏರುತ್ತಿದ್ದರೆ ಸಭೆಯಲ್ಲಿ ಎದ್ದು ಕೇಳಿ.