ಹೆಸರಷ್ಟೇ ಬದಲಿಸಿದರೆ ಆಯ್ತಾ?

ನಮಸ್ಕಾರ ತಂಗಿ,

ಬಾಗಲಕೋಟೆ ಜಿಲ್ಲೆಯಲ್ಲಿ ಆಪ್ತಸಮಾಲೋಚಕಿಯಾಗಿ ಕಂಡದ್ದನ್ನು ಲೇಖನ ಮಾಡಿ ಕಳಿಸಿದ್ದೀರಿ. ಈಗಿರುವ ಹಾಗೆ ಅಚ್ಚು ಹಾಕಲಾರೆ.

ನಮ್ಮ ಡಿಟಿಪಿ ಹುಡುಗ ನಿಮ್ಮ ತಾಲೂಕಿನವನೇ. ಎರಡನೇ ಪುಟ ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿ, "ಸರ, ಈ ಮನಿ ನನಗ ಗೊತ್ತೈತ್ರಿ" ಅಂದ. ಹಾಳೆಗಳನ್ನು ಅಲ್ಲೇ ಇಸಿದುಕೊಂಡೆ. ನಿಮ್ಮ ಹತ್ತಿರ ಸಮಾಲೋಚನೆಗೆ ಬರುವ ಆ ಹೆಣ್ಣುಮಗಳ ಹೆಸರು ಬದಲಿಸಿದ್ದೀರಿ, ನಿಜ. ಆದರೆ ಊರು, ಅಗಸಿ ಪಕ್ಕದ ಮನೆ, ಗಂಡ ದುಡಿಯುವ ಸಕ್ಕರೆ ಕಾರ್ಖಾನೆ ಎಲ್ಲ ಹಾಗೇ ಇವೆ. ನಮ್ಮ ಹಳ್ಳಿಗಳಲ್ಲಿ ಗುರುತು ಹಿಡಿಯೋಕೆ ಇಷ್ಟು ಜಾಸ್ತಿಯೇ ಆಯ್ತು, ಅಲ್ವಾ?

"ಅವರ ಒಪ್ಪಿಗೆ ಇದೆ" ಎಂದಿದ್ದೀರಿ. ಯಾವಾಗ ಕೇಳಿದಿರಿ? ಮುಂದಿನ ವಾರ ನಿಮ್ಮೆದುರೇ ಬಂದು ಕೂರಬೇಕಾದವರು ನಿಮಗೆ ಬೇಡ ಅನ್ನುವುದಾದರೂ ಹೇಗೆ? ಬರೆದದ್ದನ್ನು ಅವರಿಗೆ ಓದಿ ಹೇಳಿ. ತೆಗೆಯಿರಿ ಅಂದ ಸಾಲು ತೆಗೆಯಿರಿ. ಪೂರ್ತಿ ಬೇಡ ಅಂದರೆ ಲೇಖನವನ್ನೇ ಬಿಟ್ಟುಬಿಡಿ.

ಇನ್ನು ಬರವಣಿಗೆ. 'ಮೌಲ್ಯ', 'ವೃತ್ತಿಧರ್ಮ' ಎಂದು ತುಂಬಿದ ಮೊದಲ ಪುಟ ಸುಮ್ನೆ ತೆಗೆದುಹಾಕಿ. ಲೇಖನದ ಜೀವ ಇರುವುದು ಆರನೇ ಪುಟದಲ್ಲಿ. "ಬದುಕೋದ ಬ್ಯಾಡ ಅನಸೈತ್ರಿ, ಯಾರಿಗೂ ಹೇಳಬ್ಯಾಡ್ರಿ" ಎಂದು ಅವರು ನಿಮ್ಮ ಕೈ ಹಿಡಿದರು. ನೀವು ಅವರ ತಮ್ಮನಿಗೆ ಫೋನ್ ಮಾಡಿದಿರಿ. ಅಂಥ ಸಂಜೆಯನ್ನು "ಸೂಕ್ತ ನಿರ್ಧಾರ ಕೈಗೊಂಡೆ" ಎಂದು ಮೂರೇ ಪದದಲ್ಲಿ ಮುಗಿಸಿದ್ದೀರಲ್ಲ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂನಿಂದ ಗುಟ್ಟು ಕಾಯಬೇಕು ಅನ್ನುವಷ್ಟನ್ನೇ ಎತ್ತಿ ಬರೆದಿದ್ದೀರಿ. ಜೀವಕ್ಕೆ ಅಪಾಯವಿದ್ದರೆ, ಅದನ್ನು ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ಹೇಳಬಹುದು ಎಂದೂ ಅದೇ ಕಲಂನಲ್ಲಿದೆ. ಆ ಸಂಜೆ ನಿಮಗೆ 'ಎಷ್ಟು ಬೇಕೋ ಅಷ್ಟು' ಅಂದರೆ ಎಷ್ಟು? "ಇವತ್ತು ರಾತ್ರಿ ಅಕ್ಕನನ್ನು ಒಬ್ಬಳೇ ಬಿಡಬೇಡ" ಅಂದು ಫೋನ್ ಇಟ್ಟಿರೋ, ಗಂಡ ಹೆಂಡಿರ ಜಗಳವನ್ನೂ ಹೇಳಿದಿರೋ? ಫೋನ್ ಮಾಡುತ್ತೇನೆ ಎಂದು ಮೊದಲೇ ಅವರಿಗೆ ತಿಳಿಸಿದಿರಾ? ಮರುದಿನ ಅವರು ನಿಮ್ಮ ಮುಖ ನೋಡಿ ಮಾತಾಡಿದರಾ? ಅದನ್ನು ಬರೆಯಿರಿ. ಈ ಕೆಲಸಕ್ಕೆ ಹೊಸದಾಗಿ ಬಂದವರು ನಿಮ್ಮಿಂದ ಕೇಳಬೇಕಾದದ್ದು ಅದೇ.

ಸಾಯುವ ಬಗೆಯನ್ನು ವಿವರಿಸಿದ ಸಾಲು ಮಾತ್ರ ಬೇಡ. ಆ ಜಾಗದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಹಾಕಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಹಸ್ತಪ್ರತಿಯನ್ನು ಲಕೋಟೆಯಲ್ಲಿಟ್ಟು ಅಂಟು ಹಚ್ಚಿ ವಾಪಸ್ ಕಳಿಸುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಆದಷ್ಟನ್ನೂ ಅಳಿಸಿಸಿದ್ದೇನೆ. ಹೊಸ ಪ್ರತಿ ಬಂದಾಗ ನಾನೇ ಟೈಪ್ ಮಾಡುತ್ತೇನೆ.